ಮಣ ಒಂದೇ, ತೂಕ ಮೂರು

ಗಡಿ ಭಾಗದ ಹಳೇ ಮನೆಗಳ ಪೆಟ್ಟಿಗೆ ತೆಗೆದರೆ ಕಾಗದಕ್ಕೆ ಬರವಿಲ್ಲ. ಒಂದು ಚೀಟಿಯಲ್ಲಿ ‘ಐದು ತೊಲೆ ಸರ’, ಇನ್ನೊಂದರಲ್ಲಿ ‘ಎಂಟು ಮಣ ಬೆಲ್ಲ’, ಮತ್ತೊಂದರಲ್ಲಿ ‘ಎರಡು ಖಂಡಿ ಅರಳೆ’. ಬರೆದವರಿಗೆ ಅದರ ಅರ್ಥ ಗೊತ್ತಿತ್ತು. ಓದುವ ನಮಗೆ ಅಕ್ಷರ ತಿಳಿಯುತ್ತದೆ, ತೂಕ ತಿಳಿಯುವುದಿಲ್ಲ. ಪಾಲು ಹಂಚುವಾಗ, ಒತ್ತೆ ಬಿಡಿಸುವಾಗ ಜಗಳ ಹುಟ್ಟುವುದು ಇಲ್ಲೇ.

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಬಂಗಾರದಂಗಡಿಯಲ್ಲಿ ಈಗ ತೊಲೆ ಅಂದರೆ 10 ಗ್ರಾಂ ಅನ್ನುವುದು ರೂಢಿ. ಅದು ವ್ಯಾಪಾರದ ಸಲೀಸಿಗೆ ಬಂದ ತೊಲೆ. ಅಜ್ಜಿಯ ಕಾಲದ ತೊಲೆ 11.66 ಗ್ರಾಂ. ಹಾಗಾಗಿ ಹಳೇ ಕರಾರಿನ ಐದು ತೊಲೆ ಅಂದರೆ 58.3 ಗ್ರಾಂ. ‘ಐದು ತೊಲೆಗೆ ಐವತ್ತು ಗ್ರಾಂ, ತಗೋರಿ’ ಅಂತ ಲೆಕ್ಕ ಮುಗಿಸಿದರೆ ಎಂಟು ಗ್ರಾಂಗಿಂತ ಹೆಚ್ಚು ಬಂಗಾರ ಮಾತಿನಲ್ಲೇ ಕರಗಿಹೋಯಿತು ಅಂತಲೇ ಅರ್ಥ. ಕಾಸರಗೋಡಿನವರ ಪವನಿನ ಲೆಕ್ಕವೇ ಬೇರೆ, ಅಲ್ಲಿ ಒಂದು ಪವನು 8 ಗ್ರಾಂ.

ರೂಪಾಯಿಯೇ ತೂಕದ ಕಲ್ಲು

ಈ 11.66 ಎಲ್ಲಿಂದ ಬಂತು? 1833ರಲ್ಲಿ ಕಂಪನಿ ಸರ್ಕಾರ ತೊಲೆಯನ್ನು 180 ಗ್ರೇನ್ ಎಂದು ಗೊತ್ತು ಮಾಡಿತು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅದಕ್ಕೇ ಹಿರಿಯರು ‘ಇಪ್ಪತ್ನಾಲ್ಕು ರೂಪಾಯಿ ತೂಕದ ಸೇರು’ ಅಂತಿದ್ದರು. ಮನೆಯಲ್ಲಿ ರಾಣಿ ಛಾಪಿನ ಹಳೇ ಬೆಳ್ಳಿ ರೂಪಾಯಿ ಇದ್ದರೆ ತಕ್ಕಡಿಗೆ ಹಾಕಿ ನೋಡಿ. ಸವೆದದ್ದು ಬಿಟ್ಟರೆ ಒಂದು ತೊಲೆ ತೂಗುತ್ತದೆ.

ತೊಲೆಯ ಕೆಳಗೆ ಮಾಸ, ಅದರ ಕೆಳಗೆ ಗುಲಗಂಜಿ. ಎಂಟು ಗುಲಗಂಜಿಗೆ ಒಂದು ಮಾಸ, ಹನ್ನೆರಡು ಮಾಸಕ್ಕೆ ಒಂದು ತೊಲೆ. ಅಂದರೆ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಈ ಕೆಂಪು ಬೀಜದ ಲೆಕ್ಕ ಇಂಗ್ಲಿಷರಿಗಿಂತ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಐದು ಗುಂಜಿಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಕರ್ಷ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನೂ ಒಂಬತ್ತನೇ ಶತಮಾನದಲ್ಲಿ ಕರ್ಷಕ್ಕೆ 80 ಗುಂಜಿ, ಪಲಕ್ಕೆ ನಾಲ್ಕು ಕರ್ಷ ಅಂತಲೇ ಹೇಳಿದ್ದಾನೆ. ಇಂದಿನ ಗ್ರಾಂಗೆ ತಂದರೆ ಕರ್ಷ 9.7, ಪಲ 39ರ ಆಸುಪಾಸು. ಬೀಜ ಬೀಜಕ್ಕೂ ತೂಕ ಹೆಚ್ಚುಕಡಿಮೆ ಇರುವುದರಿಂದ ಇದನ್ನು ಅಂದಾಜು ಅಂತಲೇ ತಿಳಿಯಬೇಕು.

ಯಾವ ಸೀಮೆಯ ಮಣ?

ನಿಜವಾದ ತೊಡಕು ಇರುವುದು ಮಣದಲ್ಲಿ. ಆದೋನಿ, ರಾಯದುರ್ಗ, ಹೊಸೂರು, ಕಾಸರಗೋಡು ಹಿಂದೆ ಮದ್ರಾಸಿಗೆ ಸೇರಿದ್ದವು. ಮದ್ರಾಸ್ ಲೆಕ್ಕದಲ್ಲಿ 24 ತೊಲೆಗೆ ಒಂದು ಕಚ್ಚಾ ಸೇರು, ಐದು ಸೇರಿಗೆ ಒಂದು ವೀಸೆ, ಎಂಟು ವೀಸೆಗೆ ಒಂದು ಮಣ. ಆ ಮಣ 11.2 ಕಿಲೋ. ಮುಂಬಯಿ ಪೇಟೆಯ ಹಳೇ ಮಣ 28 ಪೌಂಡು, ಅಂದರೆ 12.7 ಕಿಲೋ. ರೈಲ್ವೆ ಮತ್ತು ಸರ್ಕಾರಿ ಕಾಗದದ ಬಂಗಾಳಿ ಮಣಕ್ಕೆ 80 ತೊಲೆಯ ಪಕ್ಕಾ ಸೇರು ನಲವತ್ತು. ಅದು 37.3 ಕಿಲೋ. ಎಂಟು ಮಣ ಬೆಲ್ಲ ಒಂದು ಲೆಕ್ಕದಲ್ಲಿ 90 ಕಿಲೋ ಕೂಡ ಆಗದು, ಇನ್ನೊಂದು ಲೆಕ್ಕದಲ್ಲಿ ಮೂರು ಕ್ವಿಂಟಲ್ ಹತ್ತಿರ!

ಖಂಡಿಯ ಕಥೆಯೂ ಹೀಗೇ. ಮದ್ರಾಸಿನ ಖಂಡಿ 500 ಪೌಂಡು, ಸುಮಾರು 227 ಕಿಲೋ. ಮುಂಬಯಿಯ ಅರಳೆ ಖಂಡಿ 784 ಪೌಂಡು, ಸುಮಾರು 356 ಕಿಲೋ. ಬೀಜ ತೆಗೆದ ಹತ್ತಿಯ ದರವನ್ನು ಪೇಟೆಯಲ್ಲಿ ಇಂದಿಗೂ ಹೇಳುವುದು ಈ 356ರ ಖಂಡಿಗೇ. ರೈತ ಮಾರುವ ಬೀಜದ ಹತ್ತಿಗೆ ಮಾತ್ರ ಕ್ವಿಂಟಲ್ ದರ. ಎರಡನ್ನೂ ಪಕ್ಕಪಕ್ಕ ಇಟ್ಟು ‘ನಮಗ ಮೋಸ ಆತು’ ಅನ್ನುವ ಮೊದಲು ಯಾವ ಮಾಲು, ಯಾವ ತೂಕ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಕಾಳಿನ ಸೇರು, ಪಾಯಲಿ, ಕೊಳಗ ಇವೆಲ್ಲ ಅಳತೆಯವು, ತೂಕದವಲ್ಲ. ಅದೇ ಸೇರಿನಲ್ಲಿ ಅಳೆದ ರಾಗಿಯ ತೂಕ ಒಂದು, ಮಂಡಕ್ಕಿಯ ತೂಕ ಇನ್ನೊಂದು. ಇವಕ್ಕೆ ಒಂದೇ ಅಂಕಿಯಿಂದ ಗುಣಿಸುವ ದಾರಿ ಇಲ್ಲ. ಆ ಪಾತ್ರೆಯಲ್ಲೇ ಆ ಕಾಳು ತುಂಬಿ ತೂಗಬೇಕು.

ಬಾಯಿಲೆಕ್ಕಕ್ಕೆ ನಾಲ್ಕು ಸೂತ್ರ

ಪೆನ್ನು, ಯಂತ್ರ ಬೇಡ. ಇವನ್ನು ನೆನಪಿಟ್ಟರೆ ಸಾಕು:

3 ತೊಲೆ = 35 ಗ್ರಾಂ.
25 ಕಚ್ಚಾ ಸೇರು = 7 ಕಿಲೋ. ಒಂದು ವೀಸೆ 1.4 ಕಿಲೋ.
15 ಪಕ್ಕಾ ಸೇರು = 14 ಕಿಲೋ.
3 ಬಂಗಾಳಿ ಮಣ = 112 ಕಿಲೋ.

ತಿರುಗಿಸಿದರೆ ಕಿಲೋದಿಂದ ಹಳೇ ತೂಕಕ್ಕೂ ಇದೇ ದಾರಿ. ಉದಾಹರಣೆಗೆ 70 ಗ್ರಾಂ ಬಂಗಾರ ಅಂದರೆ ಹಳೇ ಆರು ತೊಲೆ. ಒಂದು ಕ್ವಿಂಟಲ್ ಅಂದರೆ ಮದ್ರಾಸಿನ ಒಂಬತ್ತು ಮಣಕ್ಕೆ ತುಸು ಕಡಿಮೆ, ಬಂಗಾಳಿ ಎರಡೂಮುಕ್ಕಾಲು ಮಣಕ್ಕೆ ತುಸು ಕಡಿಮೆ.

ಮೆಟ್ರಿಕ್ ತೂಕದ ಕಾಯ್ದೆ ಬಂದದ್ದು 1956ರಲ್ಲಿ. ಅದೇ ವರ್ಷ ಭಾಷಾವಾರು ರಾಜ್ಯಗಳಾದವು. 1958ರಿಂದ ಕಿಲೋ ಕಲ್ಲು ಹಂತಹಂತವಾಗಿ ಪೇಟೆಗೆ ಬಂದು, 1960ರ ದಶಕದ ಆರಂಭದಲ್ಲಿ ಕಡ್ಡಾಯವಾಯಿತು. ಗಡಿ ಗೆರೆ ಎಲ್ಲಿ ಬಿದ್ದರೂ ಗೆರೆಯ ಎರಡೂ ಬದಿಗೆ ತೂಕ ಒಂದೇ ಆದದ್ದು ಆಗಲೇ. ಇಂದು ಬಿಲ್ಲು, ಕರಾರು ಬರೆಸುವಾಗ ಗ್ರಾಂ, ಕಿಲೋದಲ್ಲೇ ಬರೆಸಬೇಕು. 2009ರ ಕಾನೂನುಬದ್ಧ ಮಾಪನ ಕಾಯ್ದೆ ಹೇಳುವುದೂ ಅದನ್ನೇ.

ಹಳೇ ಚೀಟಿ ಕೈಗೆ ಬಂದರೆ ಮೂರು ಸಂಗತಿ ನೋಡಿ: ಯಾವ ವರ್ಷದ್ದು, ಯಾವ ಪೇಟೆಯದು, ಯಾವ ಮಾಲಿನದು. ಆಮೇಲೆ ಗ್ರಾಂಗೆ ತಂದು, ಮನೆಯವರೆಲ್ಲರ ಎದುರಿಗೆ ಅದೇ ಚೀಟಿಯ ಹಿಂದೆ ಬರೆದಿಡಿ. ಮುಂದಿನ ತಲೆಮಾರಿನವರು ಅದಕ್ಕಾಗಿ ಜಗಳ ಕಾಯುವುದಾದರೂ ತಪ್ಪುತ್ತದೆ.