ತಿರುಗದ ಹೊಲಿಗೆಯ ಯಂತ್ರ



ನಮ್ಮಲ್ಲಿ ಅನೇಕರ ಮನೆಗಳಲ್ಲಿ, ನಡುಮನೆಯ ಮೂಲೆಯಲ್ಲಿಯೋ ಅಟ್ಟದ ಮೇಲೆಯೋ, ಕಪ್ಪುಬಣ್ಣದ ಹಳೆಯ ಹೊಲಿಗೆಯ ಯಂತ್ರವೊಂದು ಇದ್ದೇ ಇರುತ್ತದೆ. ಮೈಮೇಲೆ ಮಾಸಿದ ಹೊಂಬಣ್ಣದ ಬಳ್ಳಿಚಿತ್ರ, ಕೆಳಗೆ ಎರಕದ ಕಬ್ಬಿಣದ ಕಾಲುಗಳು, ಮೇಲೆ ಒಂದು ಹೊದಿಕೆ, ಹೊದಿಕೆಯ ಮೇಲೆ ಹಳೆಯ ಪತ್ರಿಕೆಗಳ ರಾಶಿ. “ಅದು ಕೆಟ್ಟಿದೆ, ಗಾಲಿ ತಿರುಗುವುದಿಲ್ಲ” ಎಂದು ಮನೆಯವರು ಹೇಳುವರು. ಏನು ಕೆಟ್ಟಿದೆಯೆಂದು ಕೇಳಿದರೆ ಉತ್ತರವಿರುವುದಿಲ್ಲ. ತಿರುಗದ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲವೆಂಬುದನ್ನು ತಮ್ಮಲ್ಲಿ ಅರಿಕೆಮಾಡುವುದೇ ಈ ಭಾಷಣದ ಉದ್ದೇಶ.

ಈ ವಿಷಯವನ್ನು ನಾನು ಕಲಿತುದು ನಮ್ಮ ತಾಯಿಯವರ ಯಂತ್ರದಿಂದ. ನೆರೆಹೊರೆಯವರ ಕುಪ್ಪಸಗಳನ್ನೂ ಮಕ್ಕಳ ಲಂಗಗಳನ್ನೂ ಅದರ ಮೇಲೆ ಹೊಲಿದು, ಬಂದ ಹಣದಲ್ಲಿ ಅವರು ನನಗೂ ನನ್ನ ತಂಗಿಗೂ ಶಾಲೆಯ ಫೀಜನ್ನು ಕಟ್ಟಿದರು. ಹದಿನೈದು ವರ್ಷಗಳ ಹಿಂದೆ ಒಂದು ದಿನ ಅದು ಹಠಾತ್ತನೆ ನಿಂತುಹೋಯಿತು. ಯಂತ್ರದೆಣ್ಣೆ ಇಲ್ಲದಾಗ ಕೊಬ್ಬರಿ ಎಣ್ಣೆಯನ್ನು ಹಾಕುತ್ತಿದ್ದುದರಿಂದ, “ನಾನೇ ಅದನ್ನು ಕೆಡಿಸಿದೆ” ಎಂಬ ಕೊರಗು ಅವರಿಗೆ ಉಳಿಯಿತು. ಈಚೆಗೆ ತಂಗಿಯ ಮಗಳು ಹೊಲಿಗೆಯನ್ನು ಕಲಿತು, ಅದೇ ಯಂತ್ರ ಬೇಕೆಂದು ಕೇಳಿದಳು. ಹೊಸದನ್ನು ಕೊಳ್ಳುವ ಅನುಕೂಲ ಅವಳಿಗಿರಲಿಲ್ಲ. ನೋಡಲು ಬಂದ ರಿಪೇರಿಯವನು ಗಾಲಿಯನ್ನು ಒಮ್ಮೆ ಅಲುಗಿಸಿ, ಹಳೆಯ ಕಬ್ಬಿಣಕ್ಕೆ ತೂಕದ ಮೇಲೆ ಮಾರಿಬಿಡಿರೆಂದು ಹೇಳಿ ಹೋದನು. ತಾಯಿಯವರು ಏನೂ ಮಾತನಾಡದೆ ಹೊದಿಕೆಯನ್ನು ಎಳೆದು ಮುಚ್ಚಿದರು. ಆ ಭಾನುವಾರವೇ ಅದನ್ನು ಬಿಚ್ಚಿನೋಡಬೇಕೆಂದು ನಾನು ನಿಶ್ಚಯಿಸಿದೆನು.

ಅಮೆರಿಕದ ಎಲಿಯಾಸ್ ಹೋವ್ ಎಂಬಾತನು 1846ರಲ್ಲಿ ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. 1851ರಲ್ಲಿ ಐಸಾಕ್ ಸಿಂಗರನು ತನ್ನದಕ್ಕೆ ಪಡೆದನು. ಯಂತ್ರಗಳ ವ್ಯಾಮೋಹವನ್ನು ಖಂಡಿಸುತ್ತಿದ್ದ ಗಾಂಧೀಜಿಯವರು ಸಹ 1924ರಲ್ಲಿ ಈ ಒಂದು ಯಂತ್ರಕ್ಕೆ ವಿನಾಯಿತಿಯನ್ನು ಕೊಟ್ಟರು. ಅದರ ಕೆಲಸ ಬಲು ಸರಳ. ಸೂಜಿಯು ಮೇಲಿನ ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ಯುತ್ತದೆ. ಅದು ಮೇಲಕ್ಕೇಳಲು ತೊಡಗಿದೊಡನೆ ದಾರವು ಅಲ್ಲಿ ಒಂದು ಸಣ್ಣ ಕುಣಿಕೆಯಾಗುತ್ತದೆ. ಷಟಲಿನ ಕೊಕ್ಕು ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಎರಡು ದಾರಗಳೂ ಬಟ್ಟೆಯ ನಡುವೆ ಹೆಣೆದುಕೊಂಡು ಒಂದು ಹೊಲಿಗೆಯಾಗುತ್ತದೆ. ಕೊಕ್ಕಿಗೂ ಸೂಜಿಗೂ ನಡುವೆ ಇರುವ ಎಡೆ ಕೂದಲೆಳೆಯಷ್ಟು ಮಾತ್ರ. ಅಲ್ಲಿ ಸ್ವಲ್ಪ ದಾರ ಸಿಕ್ಕಿದರೂ ಅಷ್ಟು ದೊಡ್ಡ ಗಾಲಿ ನಿಲ್ಲುವುದು ಆಶ್ಚರ್ಯವಲ್ಲ.

ಹೀಗಿರಲು, ಮೊದಲು ಮಾಡಬೇಕಾದುದು ಚಿಕಿತ್ಸೆಯಲ್ಲ, ಪರೀಕ್ಷೆ. ಬೆಲ್ಟನ್ನು ಕಳಚಿ, ಕೆಳಗಿನ ದೊಡ್ಡ ಗಾಲಿಯನ್ನು ಬೇರೆಯಾಗಿ ತಿರುಗಿಸಿನೋಡಿರಿ. ಅದೇ ಬಿಗಿಯಾಗಿದ್ದರೆ ದೋಷವು ಕಾಲಿನ ಭಾಗದಲ್ಲಿದೆ. ಮೇಲಿನ ಯಂತ್ರವನ್ನು ಮುಟ್ಟಬೇಕಾದುದಿಲ್ಲ. ಅದು ಸಲೀಸಾಗಿದ್ದರೆ, ಕೈಗಾಲಿಯ ನಡುವಿನ ಗುಂಡಿತಿರುಪನ್ನು ಸಡಿಲಿಸಿರಿ. ಬಾಬಿನ್ನಿಗೆ ದಾರ ಸುತ್ತುವಾಗ ಸಡಿಲಿಸುವ ತಿರುಪು ಇದೇ. ಆಗ ಗಾಲಿ ಒಂಟಿಯಾಗಿ ತಿರುಗಬೇಕು. ತಿರುಗದಿದ್ದರೆ ಗಾಲಿಗೂ ಅಚ್ಚಿಗೂ ನಡುವೆ ಅಂಟು ಕಟ್ಟಿದೆ; ತಿರುಗಿದರೆ ತಡೆಯು ಯಂತ್ರದ ಒಳಗಿದೆ. ಅಲ್ಲದೆ, ಗಾಲಿ ತಿರುಗುತ್ತಿದ್ದು ಸೂಜಿ ಮಾತ್ರ ಅಲುಗದೆ ಇದ್ದರೆ, ಈ ತಿರುಪನ್ನು ಬಿಗಿಮಾಡಲು ಮರೆತಿರುವ ಸಂಭವವೇ ಹೆಚ್ಚು.

ತಿರುಪನ್ನು ಮತ್ತೆ ಬಿಗಿಮಾಡಿ, ಗಾಲಿಯನ್ನು ಬೆರಳುಗಳ ಬಲದಿಂದ ಮಾತ್ರ ಹಿಂದಕ್ಕೂ ಮುಂದಕ್ಕೂ ಅಲುಗಿಸಿರಿ. ಬೆಲ್ಲದ ಪಾಕದಲ್ಲಿ ಕೈಯಾಡಿಸಿದಂತೆ ಎಲ್ಲೆಡೆಯೂ ಒಂದೇ ಸಮನೆ ಭಾರವಾಗಿದ್ದರೆ ಹಳೆಯ ಎಣ್ಣೆ ಗಟ್ಟಿಯಾಗಿದೆಯೆಂದು ತಿಳಿಯಬಹುದು. ಸ್ವಲ್ಪ ಸರಿದು, ಗೋಡೆಗೆ ತಗುಲಿದಂತೆ ಒಂದೇ ಕಡೆ ಥಟ್ಟನೆ ನಿಂತರೆ ದಾರವೋ ಮುರಿದ ಸೂಜಿಯ ತುಂಡೋ ಅಡ್ಡವಾಗಿರಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಸೂಜಿಯನ್ನು ತೆಗೆಯದೆಯೇ ಎರಡು ಕೈಗಳಿಂದಲೂ ಗಾಲಿಯನ್ನು ಹಿಡಿದು ಬಲವಾಗಿ ಎಳೆದೆನು. ಸೂಜಿಯ ತುದಿ ಮುರಿದು ಒಳಕ್ಕೆ ಬಿದ್ದಿತು. ಅದನ್ನು ಅಯಸ್ಕಾಂತದಿಂದ ಹುಡುಕಿ ತೆಗೆಯುವುದರಲ್ಲಿ ಅರ್ಧ ಗಂಟೆ ಕಳೆಯಿತು. ಆದುದರಿಂದ ಮೊದಲು ಸೂಜಿಯನ್ನೂ, ಬಟ್ಟೆಯನ್ನು ಒತ್ತಿಹಿಡಿಯುವ ಪಾದವನ್ನೂ, ಸೂಜಿ ಇಳಿಯುವ ತಗಡನ್ನೂ ತೆಗೆಯತಕ್ಕದ್ದು. ತೆಗೆದ ತಿರುಪುಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ತಟ್ಟೆಯಲ್ಲಿ ಸಾಲಾಗಿ ಇಡತಕ್ಕದ್ದು.

ತಗಡಿನ ಕೆಳಗೆ, ಬಟ್ಟೆಯನ್ನು ನೂಕುವ ಹಲ್ಲುಗಳ ಸಂದಿನಲ್ಲಿ, ವರ್ಷಗಳಿಂದ ಸೇರಿದ ಜುಂಗು ಒತ್ತಿದ ಹತ್ತಿಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಚಿಮಟದಿಂದ ಕಿತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಬೇಕು. ಅನಂತರ ಬಾಬಿನ್ನಿನ ಗೂಡನ್ನೂ ಷಟಲನ್ನೂ ಹೊರತೆಗೆಯಬೇಕು. ಷಟಲು ಕದಲದಿದ್ದರೆ ಒಂದೆರಡು ತೊಟ್ಟು ಎಣ್ಣೆಯನ್ನು ಬಿಟ್ಟು, ಗಾಲಿಯನ್ನು ನೂಲೆಳೆಯಷ್ಟು ಆಚೆಗೂ ಈಚೆಗೂ ಅಲುಗಿಸುತ್ತ, ಕಂಡ ದಾರದ ತುದಿಯನ್ನು ಮೆಲ್ಲಗೆ ಎಳೆಯಬೇಕು. ಸುತ್ತಿಗೆಯನ್ನು ಮಾತ್ರ ಮುಟ್ಟಬಾರದು. ಎರಕದ ಕಬ್ಬಿಣವು ಬಾಗುವುದಿಲ್ಲ, ಒಡೆಯುತ್ತದೆ.

ಇನ್ನು ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಬೆಂಗಳೂರು ಮೈಸೂರುಗಳ ಧನುರ್ಮಾಸದ ಬೆಳಗಿನಲ್ಲಿ ಸೀಸೆಯೊಳಗಿನ ಎಣ್ಣೆ ಬೆಳ್ಳಗಾಗುವುದನ್ನು ಎಲ್ಲರೂ ಬಲ್ಲರು. ಸಸ್ಯಜನ್ಯವಾದ ಎಣ್ಣೆಗಳು ವರ್ಷಗಳು ಕಳೆದಂತೆ ಗಾಳಿಯ ಸಂಪರ್ಕದಿಂದ ಜಿಗಟಾಗಿ ಅಂಟಾಗುವುವು. ಖನಿಜ ತೈಲದಿಂದ ಮಾಡಿದ ಹೊಲಿಗೆಯಂತ್ರದ ತೆಳು ಎಣ್ಣೆಯೇ ಇದಕ್ಕೆ ಯೋಗ್ಯವಾದುದು. ಕಟ್ಟಿದ ಅಂಟನ್ನು ಬಿಡಿಸಲು ಸೀಮೆಎಣ್ಣೆ ಒಳ್ಳೆಯದು. ಲೋಹಕ್ಕೆ ಲೋಹ ಉಜ್ಜುವ ಪ್ರತಿಯೊಂದು ಸ್ಥಳಕ್ಕೂ, ಮೇಲಿನ ಎಣ್ಣೆಯ ರಂಧ್ರಗಳಿಗೂ, ಯಂತ್ರವನ್ನು ಹಿಂದಕ್ಕೆ ಮಗುಚಿದಾಗ ಕಾಣುವ ಕೀಲುಗಳಿಗೂ ಒಂದೊಂದು ತೊಟ್ಟನ್ನು ಹಾಕಿ, ಒಂದು ರಾತ್ರಿ ಬಿಡಬೇಕು. ದೀಪ ಒಲೆಗಳು ಹತ್ತಿರವಿರಬಾರದು. ವಿದ್ಯುತ್ ಮೋಟಾರು ಇದ್ದರೆ ಅದರ ಸಂಪರ್ಕವನ್ನು ಮೊದಲೇ ತೆಗೆಯಬೇಕು. ಸೀಮೆಎಣ್ಣೆ ದೊರೆಯದವರು ಯಂತ್ರದೆಣ್ಣೆಯನ್ನೇ ಹಾಕಿ, ಯಂತ್ರವನ್ನು ಬಿಸಿಲಿನಲ್ಲಿಟ್ಟು, ಎರಡು ಮೂರು ದಿನ ತಾಳ್ಮೆಯಿಂದಿರಬಹುದು. ಸೀಮೆಎಣ್ಣೆಯು ಅಂಟನ್ನು ಕರಗಿಸುತ್ತದೆಯೇ ಹೊರತು ಕೀಲುಗಳನ್ನು ಕಾಯುವುದಿಲ್ಲ. ಅದನ್ನು ಒರೆಸಿ, ಯಂತ್ರದೆಣ್ಣೆಯನ್ನು ಹಾಕಲೇಬೇಕು. ಸ್ಪಿರಿಟ್ಟನ್ನು ಹೊರಮೈಗೆ ಸೋಕಿಸಬಾರದು. ಹೊಂಬಣ್ಣದ ಚಿತ್ರಗಳು ಅಳಿಸಿಹೋಗುವುವು.

ನಮ್ಮ ಯಂತ್ರದಲ್ಲಿ ಎರಡು ದೋಷಗಳೂ ಕೂಡಿದ್ದುವು. ಅಂಟು ಇದ್ದುದು ನಿಜ. ಆದರೆ ಗಾಲಿಯನ್ನು ನಿಲ್ಲಿಸಿದುದು ಅದಲ್ಲ. ಷಟಲಿನ ಹಿಂದೆ, ಅದು ಓಡಾಡುವ ಜಾಡಿನಲ್ಲಿ, ಗೇಣುದ್ದದ ಹಸುರು ದಾರವೊಂದು ಸುತ್ತಿ ಬಿಗಿದುಕೊಂಡಿತ್ತು. ಅದನ್ನು ತಾಯಿಯವರ ಕೈಗೆ ಕೊಟ್ಟು, “ಅಮ್ಮ, ನಿಲ್ಲಿಸಿದ್ದು ಇದು, ನಿಮ್ಮ ಎಣ್ಣೆಯಲ್ಲ” ಎಂದೆನು. ಅವರು ಬೆಳಕಿಗೆ ಹಿಡಿದು ನೋಡಿ, “ಹೊಲಿಯೋಕೆ ಶುರು ಮಾಡುವಾಗ ದಾರದ ತುದಿ ಹಿಡಿದುಕೊಳ್ಳದೆ ಗಾಲಿ ತಿರುಗಿಸಿದೆ ಅಂತ ಕಾಣುತ್ತೆ” ಎಂದರು.

ಅವರ ಮಾತು ಸರಿಯಾದುದು, ಪ್ರತಿಯೊಬ್ಬರೂ ನೆನಪಿಡಬೇಕಾದುದು. ಮೊದಲ ನಾಲ್ಕಾರು ಹೊಲಿಗೆಗಳಾಗುವವರೆಗೆ ಎರಡು ದಾರಗಳ ತುದಿಗಳನ್ನೂ ಪಾದದ ಹಿಂದೆ ಹಿಡಿದಿರಬೇಕು. ಇಲ್ಲವಾದರೆ ಸಡಿಲವಾದ ತುದಿಯನ್ನು ಷಟಲು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಲಿಯನ್ನು ಯಾವಾಗಲೂ ತಮ್ಮ ಕಡೆಗೆ ತಿರುಗಿಸಬೇಕು. ಹೊಸ ಸೂಜಿಯನ್ನು ಹಾಕುವಾಗ, ಅದರ ಉದ್ದನೆಯ ಗೆರೆಗುಳಿಯು ದಾರ ಪೋಣಿಸುವ ಕಡೆಗೆ ಇರಬೇಕು.

ಎಲ್ಲವನ್ನೂ ಜೋಡಿಸಿ, ಎಣ್ಣೆ ಹಾಕಿ, ಮೊದಲು ಒಂದು ಹಳೆಯ ಬಟ್ಟೆಯ ಮೇಲೆ ಹೊಲಿದು ನೋಡಬೇಕು; ಹೆಚ್ಚಿನ ಎಣ್ಣೆಯೆಲ್ಲ ಅದಕ್ಕೆ ಇಳಿಯುತ್ತದೆ. ಇಷ್ಟು ಮಾಡಿಯೂ ಗಾಲಿ ಕದಲದಿದ್ದರೆ, ಒಳಗಿನ ಭಾಗ ಬಾಗಿರಬಹುದು, ಇಲ್ಲವೆ ತುಕ್ಕು ಆಳಕ್ಕೆ ಇಳಿದಿರಬಹುದು. ಆಗ ತಿಳಿದವರ ಬಳಿಗೆ ಒಯ್ಯುವುದೇ ವಿವೇಕ. ಆದರೆ ಅಷ್ಟರವರೆಗೆ ತೂಕಕ್ಕೆ ಹಾಕಬೇಡಿರಿ.

ಆ ಸಂಜೆ ತಂಗಿಯ ಮಗಳು ತುಳಿಯುತ್ತಿದ್ದಳು. ತಾಯಿಯವರು ಪಕ್ಕದಲ್ಲಿ ಕುಳಿತು, “ನಿಧಾನ, ದಾರ ಹಿಡಿದುಕೊ” ಎಂದು ಹೇಳಿಕೊಡುತ್ತಿದ್ದರು. ಯಂತ್ರವು ಈಗ ಅವಳ ಮನೆಯಲ್ಲಿದೆ. ಅದರೊಡನೆ ಒಂದು ಸೀಸೆ ಯಂತ್ರದೆಣ್ಣೆಯನ್ನೂ ತಾಯಿಯವರೇ ಕೊಂಡು ಕಳುಹಿಸಿದರು.