ಶಾಲೆಯಲ್ಲಿ ಸಿಡಿದ ಗುಂಡು: ಬೇರುಗಳೆಲ್ಲಿ?

2021ರ ನವೆಂಬರ್ 30. ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆ. ಹದಿನೈದರ ಹರೆಯದ ವಿದ್ಯಾರ್ಥಿಯೊಬ್ಬನು ಗಣಿತದ ಹಾಳೆಯ ಮೇಲೆ ಬಂದೂಕನ್ನೂ ರಕ್ತ ಸುರಿಸುತ್ತಿರುವ ಮನುಷ್ಯನನ್ನೂ ಚಿತ್ರಿಸಿ, ಆಲೋಚನೆಗಳು ನಿಲ್ಲುತ್ತಿಲ್ಲ, ನೆರವಾಗಿರಿ ಎಂಬರ್ಥದ ಮಾತನ್ನು ಬರೆದಿದ್ದನು. ಅದನ್ನು ಕಂಡ ಶಾಲೆಯವರು ತಂದೆತಾಯಿಯರನ್ನು ಕರೆಸಿದರು. ಅವರು ಬಂದು ಸ್ವಲ್ಪ ಹೊತ್ತು ಮಾತನಾಡಿ, ಮಗನನ್ನು ಶಾಲೆಯಲ್ಲಿಯೇ ಬಿಟ್ಟು ಹೊರಟುಹೋದರು. ಅವನ ಚೀಲವನ್ನು ಯಾರೂ ತೆರೆದು ನೋಡಲಿಲ್ಲ. ನಾಲ್ಕು ದಿನಗಳ ಹಿಂದೆ ತಂದೆ ಕೊಂಡು ತಂದಿದ್ದ ಪಿಸ್ತೂಲು ಅದರಲ್ಲಿತ್ತು. ಅಂದು ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳು ಪ್ರಾಣ ತೆತ್ತರು. ಏಳು ಮಂದಿ ಗಾಯಗೊಂಡರು.

ಇಂತಹ ಸುದ್ದಿ ಬಂದಾಗಲೆಲ್ಲ ನಾವು ಸಿನಿಮಾ, ವಿಡಿಯೋ ಆಟ, ಒಡೆದ ಸಂಸಾರಗಳನ್ನು ದೂರಿ ಸುಮ್ಮನಾಗುತ್ತೇವೆ. 1999ರ ಏಪ್ರಿಲ್ 20ರಂದು ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ನಡೆಸಿದ ಹತ್ಯಾಕಾಂಡದ ಬಳಿಕವೂ ಇದೇ ಕೂಗೆದ್ದಿತ್ತು. ಆದರೆ ಅಮೆರಿಕದ ಸೀಕ್ರೆಟ್ ಸರ್ವಿಸ್ ಹಾಗೂ ಶಿಕ್ಷಣ ಇಲಾಖೆಯು 37 ಘಟನೆಗಳನ್ನು ಪರಿಶೀಲಿಸಿ 2002ರಲ್ಲಿ ಹೊರತಂದ ವರದಿ ಬೇರೆಯೇ ಚಿತ್ರವನ್ನು ನೀಡಿತು. ದಾಳಿಕೋರರಲ್ಲಿ ಹೆಚ್ಚಿನವರು ತಂದೆತಾಯಿ ಇಬ್ಬರೂ ಇದ್ದ ಮನೆಯವರೇ. ಶೇಕಡಾ 71 ಮಂದಿ ಇತರರಿಂದ ಹೀಯಾಳಿಕೆ, ಕಿರುಕುಳ ಅಥವಾ ಪೆಟ್ಟು ಅನುಭವಿಸಿದ್ದರು. ಶೇಕಡಾ 78 ಮಂದಿ ಹಿಂದೆ ಆತ್ಮಹತ್ಯೆಗೆ ಯತ್ನಿಸಿದ್ದರು ಅಥವಾ ಅದರ ಯೋಚನೆ ಮಾಡಿದ್ದರು. ಶೇಕಡಾ 68ರಷ್ಟು ದಾಳಿಕೋರರಿಗೆ ಆಯುಧ ದೊರೆತದ್ದು ಸ್ವಂತ ಮನೆಯಲ್ಲಿ ಅಥವಾ ಬಂಧುಗಳ ಮನೆಯಲ್ಲಿ. ಶೇಕಡಾ 81ರಷ್ಟು ಘಟನೆಗಳ ಸುಳಿವು ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ತಿಳಿದವರು ಹೆಚ್ಚಾಗಿ ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು.

ಅವಮಾನ, ಹತಾಶೆ, ಕೈಗೆಟಕುವ ಆಯುಧ, ತಿಳಿದವರ ಮೌನ — ಈ ನಾಲ್ಕೂ ಕೂಡಿದಲ್ಲಿ ಅನಾಹುತ ಹತ್ತಿರವಾಗುತ್ತದೆ. ನೊಂದ ಎಳೆಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ; ಬಂದೂಕು ಎಲ್ಲೆಡೆಯೂ ಸುಲಭವಾಗಿ ಸಿಗುವುದಿಲ್ಲ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ವಯಸ್ಕನೊಬ್ಬನು 16 ಪುಟ್ಟ ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದನು. ಮರುವರ್ಷವೇ ಬ್ರಿಟನ್ ಪಿಸ್ತೂಲುಗಳ ಖಾಸಗಿ ಒಡೆತನವನ್ನು ಬಹುಮಟ್ಟಿಗೆ ನಿಷೇಧಿಸಿತು. ಅಂತಹ ಶಾಲಾ ಹತ್ಯಾಕಾಂಡ ಅಲ್ಲಿ ಮರುಕಳಿಸಿಲ್ಲ.

ಆಕ್ಸ್‌ಫರ್ಡ್ ಘಟನೆಯ ಬಾಲಕನ ತಂದೆತಾಯಿಯರಿಗೆ 2024ರಲ್ಲಿ ತಲಾ 10ರಿಂದ 15 ವರ್ಷಗಳ ಸೆರೆವಾಸವಾಯಿತು. ಮಗನ ಶಾಲಾ ಹತ್ಯಾಕಾಂಡಕ್ಕಾಗಿ ಹೆತ್ತವರು ನರಹತ್ಯೆಯ ಅಪರಾಧಿಗಳೆನಿಸಿದ್ದು ಆ ದೇಶದಲ್ಲಿ ಅದೇ ಮೊದಲು.

ಇದು ದೂರದ ಮಾತೆಂದು ನಾವು ಕಡೆಗಣಿಸಲಾಗದು. 2025ರ ಆಗಸ್ಟ್ 27ರಂದು ಮಿನಿಯಾಪೊಲಿಸ್ ನಗರದ ಕಥೋಲಿಕ ದೇವಾಲಯವೊಂದರಲ್ಲಿ ಬಲಿಪೂಜೆಗೆ ಕುಳಿತಿದ್ದ ಶಾಲಾ ಮಕ್ಕಳಲ್ಲಿ ಇಬ್ಬರು ಗುಂಡಿಗೆ ಬಲಿಯಾದರು. ಆ ದೇಶದಲ್ಲಿ ನೆಲೆಸಿರುವ ನಮ್ಮವರ ಮಕ್ಕಳೂ ಅಂತಹ ಶಾಲೆಗಳಲ್ಲಿಯೇ ಓದುತ್ತಿದ್ದಾರೆ. ಬೆಳೆ ರಕ್ಷಣೆಗೆಂದು ಪರವಾನಗಿ ಕೋವಿ ಇರಿಸಿಕೊಂಡ ಮನೆಗಳು ನಮ್ಮಲ್ಲಿಯೂ ಇವೆ. ಅದಕ್ಕೆ ಬೀಗ ಬಿದ್ದಿದೆಯೇ ಎಂದು ಇಂದೇ ನೋಡಬೇಕು.

ಸಂಜೆಯ ಜಪಸರ ಮುಗಿದ ಮೇಲೆ ನಾವು ಮಕ್ಕಳ ಅಂಕಗಳನ್ನು ವಿಚಾರಿಸುತ್ತೇವೆ. ಇಂದು ನಿನ್ನನ್ನು ಯಾರಾದರೂ ನೋಯಿಸಿದರೇ, ನೀನು ಯಾರನ್ನಾದರೂ ನೋಯಿಸಿದೆಯಾ ಎಂದು ಕೇಳುವುದು ಅಪರೂಪ. ಗೆಳೆಯನ ಸಂಕಟವನ್ನು ಹಿರಿಯರಿಗೆ ತಿಳಿಸುವುದು ಚಾಡಿಯಲ್ಲ, ಅವನ ಜೀವ ಉಳಿಸುವ ಪ್ರೀತಿ ಎಂಬುದನ್ನೂ ಅವರಿಗೆ ಕಲಿಸೋಣ. ಸಹಾಯ ಬೇಡಿದ ಆ ಗಣಿತದ ಹಾಳೆ ನಮ್ಮ ಮನೆಯ ಯಾವ ಪುಸ್ತಕದಲ್ಲಿಯೂ ಓದುವವರಿಲ್ಲದೆ ಉಳಿಯದಿರಲಿ.