ಕಣ್ಣಳತೆಯಲ್ಲೇ ಪರದೆಯ ಗಾಮಾ

ಕಳೆದ ದೀಪಾವಳಿ ಕಾರ್ಯಕ್ರಮದ ಫೋಟೋಗಳನ್ನು ತಿದ್ದಿ ಎಲ್ಲರಿಗೂ ಕಳಿಸಿದವನು ನಾನೇ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಹಣತೆ ಹಿಡಿದ ಮುಖಗಳೆಲ್ಲ ಲಕ್ಷಣವಾಗಿ ಕಾಣುತ್ತಿದ್ದವು. ಊರಿನಿಂದ ಅಮ್ಮ ಫೋನ್ ಮಾಡಿ, "ದೀಪ ಕಾಣ್ತಿದೆ ಕಣೋ, ನೀನೆಲ್ಲಿದ್ದೀಯ?" ಅಂದರು. ಬಣ್ಣ ಅಳೆಯುವ ಉಪಕರಣ ಕೊಳ್ಳಲು ನಮ್ಮಂಥ ವಿದ್ಯಾರ್ಥಿಗಳ ಹತ್ತಿರ ದುಡ್ಡೆಲ್ಲಿ? ಕಣ್ಣಳತೆಯಲ್ಲೇ ತಪ್ಪು ಹುಡುಕಿದೆ.

ಪರದೆಗೆ ಕಪ್ಪು ಅಂದರೆ 0, ಬಿಳಿ ಅಂದರೆ 255. ಹಾಗಾದರೆ 128 ಕೊಟ್ಟರೆ ಅರ್ಧ ಬೆಳಕು ಬರಬೇಕಲ್ಲವೇ? ಬರೋದಿಲ್ಲ. ಬಿಳಿಯ ಸುಮಾರು ಶೇ. 22ರಷ್ಟೇ ಬರುತ್ತದೆ. ಸಂಖ್ಯೆಯನ್ನು 255ರಿಂದ ಭಾಗಿಸಿ, ಬಂದದ್ದನ್ನು 2.2ರ ಘಾತಕ್ಕೆ ಏರಿಸಿ ನೋಡಿ. ಈ 2.2 ಅನ್ನೋದೇ ಗಾಮಾ. ನಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತದೆ. ಅದಕ್ಕೇ ಇರುವ 256 ಮೆಟ್ಟಿಲುಗಳಲ್ಲಿ ಹೆಚ್ಚಿನವು ಕತ್ತಲ ಕಡೆಗಿವೆ.

ಈಗ ಉಪಾಯಕ್ಕೆ ಬರೋಣ. ಒಂದು ಪಿಕ್ಸೆಲ್ ಸಾಲು ಪೂರ್ತಿ ಕಪ್ಪು, ಮುಂದಿನದು ಪೂರ್ತಿ ಬಿಳಿ, ಹೀಗೆ ಅಡ್ಡಗೆರೆಗಳ ಒಂದು ಚೌಕ ಮಾಡಿ. ದೂರದಿಂದ ಗೆರೆಗಳು ಕಲೆತು ಬೂದು ಬಣ್ಣವಾಗುತ್ತವೆ. ಅರ್ಧ ಜಾಗ ಬಿಳಿಯಾದ್ದರಿಂದ ಅಲ್ಲಿನ ಬೆಳಕು ನಿಜಕ್ಕೂ ಅರ್ಧ. ಗಾಮಾ ಎಷ್ಟೇ ಇರಲಿ, ಅದು ಬದಲಾಗದು. ಚೌಕದ ನಡುವೆ ಗೆರೆಯಿಲ್ಲದ ಬೂದು ತುಂಡೊಂದನ್ನು ಇಟ್ಟು ಅದರ ಸಂಖ್ಯೆ ಏರಿಸುತ್ತಾ ಹೋಗಿ. ಒಂದೆರಡು ಮೀಟರ್ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ. ತುಂಡಿನ ಅಂಚು ಎಲ್ಲಿ ಮಾಯವಾಗುತ್ತದೋ ಅದೇ ಉತ್ತರ. 186ರ ಹತ್ತಿರವಾದರೆ ಗಾಮಾ 2.2; 191 ಆದರೆ 2.4. ನನ್ನದು 174ಕ್ಕೇ ಮಾಯವಾಯ್ತು, ಅಂದರೆ 1.8! ನೆರಳನ್ನೆಲ್ಲ ನನ್ನ ಪರದೆ ಬೆಳಗಿಸಿ ತೋರಿಸುತ್ತಿತ್ತು. ಅದನ್ನು ನಂಬಿ ನಾನು ಫೋಟೋಗಳನ್ನು ಇನ್ನಷ್ಟು ಕಪ್ಪು ಮಾಡಿದ್ದೆ.

ಚಿತ್ರವನ್ನು ಶೇ. 100ರ ಅಳತೆಯಲ್ಲೇ ನೋಡಬೇಕು. ಸ್ವಲ್ಪ ಹಿಗ್ಗಿದರೂ ಕುಗ್ಗಿದರೂ ಗೆರೆಗಳು ಸಾಫ್ಟ್‌ವೇರಿನೊಳಗೇ ಕಲಸಿಹೋಗಿ ಲೆಕ್ಕ ಕೆಡುತ್ತದೆ. ರಾತ್ರಿಯ ಹಳದಿ ಬೆಳಕಿನ ಮೋಡ್ ಆರಿಸಿ, ಪರದೆಗೆ ನೇರವಾಗಿ ನಿಲ್ಲಿ. ಅಗ್ಗದ ಪರದೆಗಳಲ್ಲಿ ತಲೆ ಮೇಲೆ ಕೆಳಗೆ ಮಾಡಿದರೂ ಉತ್ತರ ಬದಲಾಗುತ್ತೆ.

ಕೆಂಪು, ಹಸಿರು, ನೀಲಿಗೂ ಬೇರೆ ಬೇರೆಯಾಗಿ ಹೀಗೇ ಮಾಡಬಹುದು. ನೀಲಿ ಮಾತ್ರ ಸತಾಯಿಸುತ್ತದೆ, ಅದರ ಹೊಳಪನ್ನು ಹೋಲಿಸುವುದು ಕಣ್ಣಿಗೆ ಕಷ್ಟ. ಇನ್ನು ಬಿಳಿ ನಿಜವಾಗಿ ಬಿಳಿಯೇ ಅನ್ನೋದನ್ನು ಈ ದಾರಿಯಲ್ಲಿ ಹೇಳಲಾಗದು. ಹಳದಿ ಬಲ್ಬಿನ ಕೆಳಗೂ ಕಾಗದ ಬಿಳಿಯಾಗೇ ಕಾಣುತ್ತದಲ್ಲ, ಕಣ್ಣು ಅಷ್ಟು ಬೇಗ ಹೊಂದಿಕೊಂಡುಬಿಡುತ್ತೆ.

ವಿಂಡೋಸಿನ ಬಣ್ಣ ಹೊಂದಿಸುವ ಸಲಕರಣೆಯಲ್ಲಿ ಗಾಮಾ ಸರಿಪಡಿಸಿ, ಫೋಟೋಗಳನ್ನು ಮತ್ತೆ ತಿದ್ದಿ ಕಳಿಸಿದೆ. ಈ ಸಲ ಅಮ್ಮ ಕೇಳಿದ್ದು, "ಯಾಕೋ ಇಷ್ಟು ಸೊರಗಿದ್ದೀಯ?"